ಕ್ರೇನ್ ಕೊಟ್ಟ ದೂರು

ನಾಲ್ಕನೇ ತಾರೀಖು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಗೇಟಿಗೆ ಅಡ್ಡಲಾಗಿ ಹಳದಿ ಬಣ್ಣದ ಶಾಲಾ ವ್ಯಾನೊಂದು ಬಂದು ನಿಂತಿತು. ಪಹರೆಯಲ್ಲಿದ್ದ ಪೇದೆ ಇಲ್ಲಿ ನಿಲ್ಲಿಸಬಾರದು ಎಂದ. ಚಾಲಕರ ಸೀಟಿನಿಂದ ಇಳಿದ ಹೆಂಗಸು, "ಮೊದಲು ದೂರು ಕೊಡ್ತೀನಪ್ಪ, ಗಾಡಿಗೆ ಜಾಗ ಆಮೇಲೆ ಹುಡುಕೋಣ" ಎಂದು ಅವನನ್ನು ದಾಟಿಕೊಂಡೇ ಒಳಗೆ ನಡೆದಳು. ಅವಳ ಹಿಂದೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಬಂದಳು. ಬಾಗಿಲಿಗೆ ಸರಿಯಾಗುವಷ್ಟು ಅಗಲದ ಭುಜ, ನೆಲ ಬಿಟ್ಟು ಮೇಲೇಳದ ಕಣ್ಣು.

ಇನ್‌ಸ್ಪೆಕ್ಟರ್ ಆಗಷ್ಟೇ ಬಿ.ಪಿ. ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಕುರ್ಚಿ ತೋರಿಸಿದರು.

"ಏನಾಗಿದೆ, ಹೇಳಿ."

"ಇವಳು ನನ್ನ ತಂಗಿ ಮಗಳು ಸರ್. ತಂಗಿ ಹೋದ ಮೇಲೆ ನಾನೇ ಸಾಕಿದ್ದು. ಯಾರೋ ಇವಳಿಗೆ ಮದ್ದು ಹಾಕಿದ್ದಾರೆ."

ಪಕ್ಕದ ಮೇಜಿನಲ್ಲಿ ಬರೆಯಲು ಸಜ್ಜಾಗಿದ್ದ ಠಾಣೆಯ ರೈಟರ್ ಪೆನ್ನಿನ ಕ್ಯಾಪು ಮುಚ್ಚಿದ. "ಮಾಟ, ಮದ್ದು ಇದನ್ನೆಲ್ಲ ನಾವು ಬರ್ಕೊಳ್ಳೋಕೆ ಆಗಲ್ಲಮ್ಮ."

"ಆ ಮದ್ದಲ್ಲ ಸರ್, ಉದ್ದೀಪನ ಮದ್ದು," ಎಂದಳು ಹುಡುಗಿ. ಅವಳು ಆಡಿದ ಮೊದಲ ಮಾತು ಅದು.

ರೈಟರ್ ಕ್ಯಾಪು ಮತ್ತೆ ತೆಗೆದ.

ಹುಡುಗಿ ಭಾರ ಎತ್ತುವ ಸ್ಪರ್ಧಿ. ಕ್ರೀಡಾ ವಸತಿನಿಲಯದಲ್ಲಿದ್ದು ಅಭ್ಯಾಸ ಮಾಡುತ್ತಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು 'ಕ್ರೇನ್' ಎಂದೇ. ಎರಡು ತಿಂಗಳ ಹಿಂದಿನ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದಳು. ಗೆದ್ದ ಕೂಡಲೇ ನಿಯಮದಂತೆ ಮೂತ್ರದ ಮಾದರಿ ಕೊಟ್ಟಿದ್ದಳು. ಅದರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು. ದೇಹದ ನೀರನ್ನು ಹೊರಗೆ ಹಾಕಿಸುವ ಔಷಧ. ತೂಕ ಇಳಿಸಿಕೊಳ್ಳಲು, ಬೇರೆ ಮದ್ದುಗಳ ಸುಳಿವು ಅಳಿಸಲು ಕಳ್ಳ ಸ್ಪರ್ಧಿಗಳು ಬಳಸುವಂಥದ್ದು. ಎರಡನೇ ಬಾಟಲಿಯ ಮಾದರಿಯಲ್ಲೂ ಅದೇ ಸಿಕ್ಕಿತು. ಚಿನ್ನ ವಾಪಸ್ಸು ಹೋಯಿತು, ಅಭ್ಯಾಸ ನಿಂತಿತು. ಇಪ್ಪತ್ತೆಂಟನೇ ತಾರೀಖು ಉದ್ದೀಪನ ಮದ್ದು ತಡೆ ಸಮಿತಿಯ ಮುಂದೆ ವಿಚಾರಣೆ. ಅಷ್ಟರೊಳಗೆ ಮದ್ದು ಮೈಗೆ ಹೇಗೆ ಸೇರಿತೆಂದು ತೋರಿಸದಿದ್ದರೆ ಎರಡು ವರ್ಷ ನಿಷೇಧ. ಮುಂದಿನ ತಿಂಗಳ ಮೊದಲ ವಾರದಲ್ಲೇ ದೇಶದ ತಂಡದ ಆಯ್ಕೆ.

"ನೀನೇ ತಗೊಂಡಿಲ್ಲ ಅಂತ ನಾನು ಹೇಗೆ ನಂಬಲಿ?" ಇನ್‌ಸ್ಪೆಕ್ಟರ್ ನೇರವಾಗಿ ಕೇಳಿದರು.

"ನಂಬಬೇಡಿ ಸರ್. ಹುಡುಕಿ," ಎಂದಳು ಹುಡುಗಿ. "ನಾನೇ ತಗೊಂಡಿದ್ದೀನಿ ಅಂತ ಸಿಕ್ಕಿದ್ರೂ ಪರವಾಗಿಲ್ಲ."

ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಇನ್‌ಸ್ಪೆಕ್ಟರ್ ಬಗೆಬಗೆಯ ಸುಳ್ಳುಗಳನ್ನು ಕೇಳಿದ್ದರು. ಸುಳ್ಳು ಹೇಳುವವರು ನಂಬಿ ಎಂದು ಕಾಲು ಹಿಡಿಯುತ್ತಾರೆಯೇ ಹೊರತು ಹುಡುಕಿ ಎನ್ನುವುದಿಲ್ಲ. ಆದರೂ ಅದನ್ನೇ ನೆಚ್ಚಿಕೊಂಡು ಎಫ್‌ಐಆರ್ ಬರೆಯಲಾಗದು. ಅವರು ಒಳಗಿನ ಕೋಣೆಯತ್ತ ಕೂಗಿದರು: "ಗುಂಡಕ್ಕ, ಸ್ವಲ್ಪ ಬಾಮ್ಮ."

ಗುಂಡಕ್ಕ ಮಹಿಳಾ ಕಾನ್‌ಸ್ಟೇಬಲ್. ಪೊಲೀಸ್ ಕ್ರೀಡಾಕೂಟದಲ್ಲಿ ಗುಂಡು ಎಸೆಯುತ್ತಿದ್ದುದರಿಂದ ಆ ಹೆಸರು. ಇನ್‌ಸ್ಪೆಕ್ಟರ್‌ಗೆ ಆಟವೆಂದರೆ ಟಿ.ವಿ.ಯಲ್ಲಿ ಕಾಣುವುದಷ್ಟೇ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮನುಷ್ಯ. ಗುಂಡಕ್ಕ ಹುಡುಗಿ ತಂದಿದ್ದ ಸಮಿತಿಯ ನೋಟಿಸನ್ನು ಓದಿದಳು.

"ಸರ್, ಈ ನಿಯಮದಲ್ಲಿ ಮೈಯಲ್ಲಿ ಸಿಕ್ಕಿದ್ದಕ್ಕೆಲ್ಲ ಆಟಗಾರರೇ ಹೊಣೆ. ಹೇಗೆ ಬಂತು ಅಂತ ಅವರೇ ತೋರಿಸ್ಬೇಕು. ಗೊತ್ತಿಲ್ಲ ಅಂದ್ರೆ ಯಾರೂ ಕೇಳಲ್ಲ." ಔಷಧದ ಹೆಸರಿನ ಮೇಲೆ ಬೆರಳಿಟ್ಟು ನಕ್ಕಳು. "ಇದು ನೀವು ದಿನಾ ನುಂಗೋ ಬಿ.ಪಿ. ಮಾತ್ರೆಯಲ್ಲೂ ಇದೆ. ನೀವೇನಾದ್ರೂ ಭಾರ ಎತ್ತೋಕೆ ಹೋಗಿದ್ರೆ ಇಷ್ಟೊತ್ತಿಗೆ ನಿಮಗೂ ನಿಷೇಧ."

ಇನ್‌ಸ್ಪೆಕ್ಟರ್ ತಮ್ಮ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರು. ನಿಜ. ಹಾಗಾದರೆ ಇದಕ್ಕೆ ದೊಡ್ಡ ಜಾಲ ಬೇಕಿಲ್ಲ, ಗುಟ್ಟಿನ ವ್ಯಾಪಾರ ಬೇಕಿಲ್ಲ. ಬಿ.ಪಿ. ಇರುವ ಯಾರ ಮನೆಯಲ್ಲಾದರೂ ಸಿಗುತ್ತದೆ.

ಹನ್ನೊಂದೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಅಪರಿಚಿತರು ಹಾನಿಕಾರಕ ವಸ್ತು ಸೇವಿಸುವಂತೆ ಮಾಡಿದ ಆರೋಪ. ದೊಡ್ಡಮ್ಮ ತನ್ನ ಪ್ರತಿಯನ್ನು ಎರಡು ಸಲ ಓದಿ, ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. "ಈಗ ಗಾಡಿ ತೆಗೀತೀನಿ" ಎಂದಳು.

*

ವಸತಿನಿಲಯದ ಅಭ್ಯಾಸದ ಹಾಲ್ ಉದ್ದನೆಯದು. ಮರದ ಹಲಗೆಯ ವೇದಿಕೆಗಳು, ಗೋಡೆಯುದ್ದಕ್ಕೂ ಬಣ್ಣದ ತೂಕದ ಬಿಲ್ಲೆಗಳು, ಗಾಳಿಯಲ್ಲಿ ಸೀಮೆಸುಣ್ಣದ ಬಿಳಿ ಪುಡಿ. ಒಬ್ಬಳು ಭಾರವನ್ನು ಕೆಳಗೆ ಬಿಟ್ಟಾಗಲೆಲ್ಲ ಇನ್‌ಸ್ಪೆಕ್ಟರ್ ಬೆಚ್ಚಿದರು. ಮೂರನೇ ಸಲಕ್ಕೆ ಅಭ್ಯಾಸವಾಯಿತು.

ಕೋಚ್ ಮಾತು ಕಡಿಮೆಯ ಮನುಷ್ಯ.

"ನೀವು ಅವಳಿಗೆ ಏನಾದ್ರೂ ಕೊಟ್ಟಿದ್ರಾ?"

"ಬೈಗುಳ."

"ಅದು ಬಿಟ್ಟು?"

"ನೀರು ಕೂಡ ಕೊಟ್ಟಿಲ್ಲ ಸರ್. ಅವಳು ಬೇರೆಯವರ ಬಾಟಲಿ ಮುಟ್ಟೋಳಲ್ಲ. ಕೆಮ್ಮಿಗೆ ಕಷಾಯ ಕೊಟ್ರೂ ಏನೇನು ಹಾಕಿದ್ದೀರಿ ಅಂತ ಕೇಳ್ತಾಳೆ. ಆ ಕ್ಲಾಸು ಮಾಡೋ ಮೇಷ್ಟ್ರು ಹೇಳಿದ್ದನ್ನ ಅಕ್ಷರಕ್ಕೆ ಅಕ್ಷರ ಪಾಲಿಸೋಳು ಇಲ್ಲಿ ಇವಳೊಬ್ಬಳೇ. ಉಳಿದವರಿಗೆ ಆ ಕ್ಲಾಸಂದ್ರೆ ನಿದ್ದೆ ಮಾಡೋ ಹೊತ್ತು."

ಉದ್ದೀಪನ ಮದ್ದಿನ ಬಗ್ಗೆ ತಿಳಿವಳಿಕೆ ಕೊಡಲು ಊರೂರಿನ ವಸತಿನಿಲಯಗಳಿಗೆ ಹೋಗುವ ಉಪನ್ಯಾಸಕರೊಬ್ಬರಿದ್ದರು. ಎಲ್ಲರ ಬಾಯಲ್ಲಿ 'ಕ್ಲಾಸ್ ಮೇಷ್ಟ್ರು'. ಸೇವಿಸುವ ಪ್ರತಿಯೊಂದರಲ್ಲೂ ಸ್ವಲ್ಪ ಉಳಿಸಿ ಮುಚ್ಚಿಡಿ, ನಾಳೆ ಕೇಡು ಬಂದರೆ ಅದೇ ನಿಮ್ಮನ್ನು ಕಾಯುತ್ತದೆ ಎಂದು ಅವರು ಪ್ರತಿ ಕ್ಲಾಸಿನಲ್ಲೂ ಹೇಳುತ್ತಿದ್ದರಂತೆ. ಕ್ರೇನ್ ಹಾಗೆಯೇ ಮಾಡಿದ್ದಳು. ಪೊಲೀಸರ ಜೊತೆ ಬಂದಿದ್ದವಳು ತನ್ನ ಕೋಣೆಯ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದಳು. ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ, ತಲೆನೋವಿನ ಮಾತ್ರೆ, ನೋವಿನ ಮುಲಾಮು. ಎಲ್ಲದರಲ್ಲೂ ಒಂದೊಂದು ಪಾಲು ಪ್ಲಾಸ್ಟಿಕ್ ಕವರಿನಲ್ಲಿ.

"ಇದನ್ನ ಸಮಿತಿಗೆ ಯಾಕೆ ತೋರಿಸಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ತೋರಿಸ್ದೆ ಸರ್. ನೀನೇ ಕಟ್ಟಿಟ್ಟಿದ್ದಕ್ಕೆ ಏನು ಬೆಲೆ ಅಂದ್ರು. ಹೊರಗಿನ ಲ್ಯಾಬಿನಲ್ಲಿ ನಾವೇ ಪರೀಕ್ಷೆ ಮಾಡಿಸೋಣ ಅಂದ್ರೆ ಲ್ಯಾಬಿನೋರು ತಗೊಳ್ಳಲಿಲ್ಲ."

ಪಂಚರ ಸಮ್ಮುಖದಲ್ಲಿ ಎಲ್ಲವನ್ನೂ ವಶಕ್ಕೆ ಪಡೆದು, ಅರಗು ಹಾಕಿ ಮುದ್ರೆ ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಅಡುಗೆಮನೆಯ ಪುಡಿ, ಎಣ್ಣೆ, ನೀರಿನ ಫಿಲ್ಟರ್ ಯಾವುದನ್ನೂ ಬಿಡಲಿಲ್ಲ. ಅಡುಗೆಯವರು, "ಅರವತ್ತು ಜನ ಒಂದೇ ಪಾತ್ರೆಯಲ್ಲಿ ಉಂಡಿದ್ದಾರೆ ಸರ್, ಇವಳೊಬ್ಬಳಿಗೇ ಹೇಗೆ ಹಾಕಲಿ?" ಎಂದರು. ಆ ಮಾತು ಸರಿಯಾಗಿತ್ತು.

ಉಳಿದವಳು ಕೋಣೆಯ ಜೊತೆಗಾತಿ. ಅದೇ ತೂಕದ ವಿಭಾಗದಲ್ಲಿ ಎರಡನೆಯ ಸ್ಥಾನದವಳು. ಕ್ರೇನ್ ಹೊರಬಿದ್ದರೆ ತಂಡಕ್ಕೆ ಹೋಗುವವಳು ಅವಳೇ. ಕೇಳಿದ್ದಕ್ಕೆಲ್ಲ ಗೊತ್ತಿಲ್ಲ ಎಂದಳು. ಉಗುರು ಕಚ್ಚಿದಳು. ಇನ್‌ಸ್ಪೆಕ್ಟರ್ ಅವಳ ಸಾಮಾನನ್ನು ನೋಡಬೇಕೆಂದಾಗ ಮುಖ ಬಿಳಿಚಿಕೊಂಡಿತು. ತೆರೆದು ನೋಡಿದರೆ ಬಟ್ಟೆ, ಪುಸ್ತಕ, ಕ್ಲಿಪ್ಪಿನ ಡಬ್ಬಿ ಅಷ್ಟೇ.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಹೇಳಿದರು: "ಇವಳೇ ಅನ್ಸುತ್ತೆ."

"ಏನೋ ಮುಚ್ಚಿಡ್ತಿದ್ದಾಳೆ, ಅಷ್ಟು ನಿಜ," ಎಂದಳು ಗುಂಡಕ್ಕ. "ಆದ್ರೆ ಕ್ರೇನ್ ಬಟ್ಟೆ ಒಗೆದು ಮಡಿಸಿ ಇಟ್ಟಿದ್ದು ಅವಳೇ ಸರ್. ಒಂದು ತಿಂಗಳಿಂದ ಇಲ್ಲದೇ ಇರೋಳ ಬಟ್ಟೆ. ಶತ್ರುಗಳು ಹಾಗೆ ಮಾಡ್ತಾರಾ?"

ಹದಿಮೂರರಂದು ವರದಿ ಬಂತು. ಪೆಟ್ಟಿಗೆಯ ಯಾವ ವಸ್ತುವಿನಲ್ಲೂ ಏನೂ ಇಲ್ಲ. ಅಡುಗೆಮನೆಯದ್ದೂ ಶುದ್ಧ.

ಇನ್‌ಸ್ಪೆಕ್ಟರ್ ವರದಿಯನ್ನು ಮೇಜಿನ ಮೇಲೆ ಹಾಕಿ ಕನ್ನಡಕ ತೆಗೆದರು. ಸಂಜೆ ದೊಡ್ಡಮ್ಮನ ಫೋನು ಬಂತು. ಏನೆಂದು ಹೇಳುವುದು? ತನಿಖೆ ನಡೀತಿದೆ ಎಂದರು. "ಸರ್, ಅವಳು ಮೂರು ದಿನದಿಂದ ನನ್ನ ವ್ಯಾನಿನಲ್ಲಿ ಮಕ್ಕಳನ್ನ ಹತ್ತಿಸಿ ಇಳಿಸ್ತಿದ್ದಾಳೆ. ಇನ್ಮೇಲೆ ಇದೇ ಕೆಲಸ ಮಾಡ್ತೀನಿ ದೊಡ್ಡಮ್ಮ ಅಂತಾಳೆ. ಅಷ್ಟು ಹೇಳಿ ನಗ್ತಾಳೆ. ಆ ನಗು ನನಗೆ ನೋಡೋಕಾಗಲ್ಲ."

*

ಮರುದಿನ ಗುಂಡಕ್ಕ ಸಮವಸ್ತ್ರ ತೊಡದೆ ವಸತಿನಿಲಯಕ್ಕೆ ಹೋದಳು. ಇನ್‌ಸ್ಪೆಕ್ಟರ್ ಜೀಪಿನಲ್ಲೇ ಉಳಿದರು. ಅಭ್ಯಾಸ ಮುಗಿಸಿ ವೇದಿಕೆಯ ಅಂಚಿನಲ್ಲಿ ಕೂತಿದ್ದ ಜೊತೆಗಾತಿಯ ಪಕ್ಕದಲ್ಲಿ ಗುಂಡಕ್ಕ ಕೂತು, ತನ್ನ ಭುಜದ ಹಳೇ ನೋವಿನ ಕತೆ ಹೇಳಿದಳು. ಪೊಲೀಸ್ ಕೂಟದಲ್ಲಿ ಗುಂಡು ಜಾರಿ ಮೇಲಧಿಕಾರಿಯ ಕಾರಿನ ಬಾನೆಟ್ಟಿಗೆ ಬಿದ್ದ ಕತೆಯನ್ನೂ ಹೇಳಿದಳು. ಹುಡುಗಿ ನಕ್ಕಳು. ನಕ್ಕವಳು ಹಾಗೆಯೇ ಅತ್ತಳು.

"ಅಕ್ಕ, ನಾನು ಕದ್ದೆ."

"ಏನು ಕದ್ದೆ?"

"ಅವಳ ಪುಡಿ. ಸ್ಪರ್ಧೆಗೆ ಮುಂಚೆ ಕ್ಲಾಸಿನಲ್ಲಿ ಕ್ವಿಜ್ ಗೆದ್ದಿದ್ದಕ್ಕೆ ಅವಳಿಗೊಂದು ಡಬ್ಬಿ ಕೊಟ್ಟಿದ್ರು. ನೀರಿಗೆ ಹಾಕ್ಕೊಂಡು ಕುಡಿಯೋದು, ಬೆವರು ಹೋದ್ಮೇಲೆ ಉಪ್ಪಿನಂಶ ತುಂಬೋಕೆ. ಕಿತ್ತಳೆ ರುಚಿ. ಒಂದಿನ ಅವಳು ಇಲ್ಲದಾಗ ಎರಡು ಚಮಚ ಹಾಕ್ಕೊಂಡು ಕುಡಿದೆ. ಬೇರೆಯವರದ್ದು ಮುಟ್ಟಬಾರದು ಅಂತ ಅವಳಿಗೆ ಎಷ್ಟು ಕಟ್ಟುನಿಟ್ಟು ಗೊತ್ತಲ್ಲ, ಹೇಳೋಕೆ ನಾಚಿಕೆ ಆಯ್ತು."

"ಕುಡಿದ ಮೇಲೆ?"

"ಅವತ್ತು ಮಧ್ಯಾಹ್ನ ಪೂರ್ತಿ ಬಚ್ಚಲಿಗೆ ಓಡಾಡಿದ್ದೇ ಆಯ್ತು. ಸಂಜೆ ಭಾರ ಎತ್ತುವಾಗ ಎರಡೂ ಮೀನಖಂಡ ಹಿಡ್ಕೊಂಡು ಬಿದ್ದುಬಿಟ್ಟೆ. ಕೋಚ್‌ನ ಕೇಳಿ ಬೇಕಾದ್ರೆ. ಕದ್ದಿದ್ದಕ್ಕೆ ಆಯ್ತು ಅಂದ್ಕೊಂಡೆ."

ಗುಂಡಕ್ಕನ ಕೈ ಹುಡುಗಿಯ ಹೆಗಲ ಮೇಲೆ ಹಾಗೆಯೇ ನಿಂತಿತು. ನೀರು ಹೊರಹಾಕಿಸುವ ಔಷಧ ಮಾಡುವ ಕೆಲಸವೇ ಅದು.

"ಆ ಡಬ್ಬಿ ಈಗ ಎಲ್ಲಿದೆ?"

"ಖಾಲಿ ಆದ್ಮೇಲೆ ಅವಳು ಎಸೆದಳು. ನಾನು ತಗೊಂಡೆ, ಕ್ಲಿಪ್ ಹಾಕೋಕೆ. ಅವತ್ತು ನೀವು ಸಾಮಾನು ನೋಡ್ತೀವಿ ಅಂದಾಗ ಹೆದರಿದ್ದು ಅದಕ್ಕೇ."

ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಎರಡನೇ ಪಂಚನಾಮೆ ನಡೆಯಿತು. ಕಿತ್ತಳೆ ಬಣ್ಣದ ಡಬ್ಬಿ. ಒಳಗೆ ತಲೆಗೂದಲ ಕ್ಲಿಪ್ಪು, ರಬ್ಬರ್ ಬ್ಯಾಂಡು. ಡಬ್ಬಿಯನ್ನು ಜೊತೆಗಾತಿ ಒರೆಸಿ ಇಟ್ಟಿದ್ದಳು, ಆದರೆ ಮುಚ್ಚಳದ ಒಳಗಿನ ತಿರುಪಿನ ಸಾಲಿನಲ್ಲಿ ಪುಡಿ ಗಟ್ಟಿಯಾಗಿ ಹತ್ತಿಕೊಂಡಿತ್ತು. ಪಂಚರು ಭೂತಗನ್ನಡಿಯಲ್ಲಿ ನೋಡಿ ಸಹಿ ಮಾಡಿದರು. ಇನ್‌ಸ್ಪೆಕ್ಟರ್ ತಾವೇ ಪ್ರಯೋಗಾಲಯಕ್ಕೆ ಹೋಗಿ, ಮುಖ್ಯಸ್ಥರ ಮುಂದೆ ಕೂತು, ವಿಚಾರಣೆಯ ದಿನಾಂಕವನ್ನು ಹೇಳಿ ಬೇಡಿಕೊಂಡರು.

ಅಲ್ಲಿಂದ ನೇರವಾಗಿ ಕ್ರೇನ್‌ಳ ಮನೆಗೆ.

"ನೀನು ಎಲ್ಲವನ್ನೂ ಉಳಿಸಿಡ್ತೀಯ. ಆ ಬಹುಮಾನದ ಪುಡಿಯನ್ನ ಯಾಕೆ ಇಡಲಿಲ್ಲ?"

ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅದು ಮೇಷ್ಟ್ರು ಕೊಟ್ಟಿದ್ದು ಸರ್. ಪರೀಕ್ಷೆ ಮಾಡೋದನ್ನ ಕಲಿಸಿದೋರನ್ನೇ ಪರೀಕ್ಷೆ ಮಾಡ್ತಾರಾ?"

"ನೋಟಿಸ್ ಬಂದ ಮೇಲೆ ಅವರು ನಿನ್ನ ಭೇಟಿಯಾಗಿದ್ರಾ?"

"ಮಾರನೇ ದಿನವೇ ಬಂದ್ರು. ಪಾಪ, ಓಡೋಡಿ ಬಂದ್ರು. ಎಲ್ಲ ಇಟ್ಟಿದ್ದೀಯ ತಾನೇ, ಆ ಕಿತ್ತಳೆ ಡಬ್ಬಿದೂ ಇದೆ ತಾನೇ ಅಂತ ಕೇಳಿದ್ರು. ಇಲ್ಲ ಸರ್, ಅದೊಂದನ್ನ ಇಡಲಿಲ್ಲ ಅಂದೆ. ಅವರು ಅಲ್ಲೇ ಕುರ್ಚಿ ಹಿಡ್ಕೊಂಡು ಕೂತುಬಿಟ್ರು. ನನಗಿಂತ ಅವರಿಗೇ ಜಾಸ್ತಿ ಸಂಕಟ ಆಗಿತ್ತು."

ಗುಂಡಕ್ಕ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಇನ್‌ಸ್ಪೆಕ್ಟರ್ ಗೋಡೆ ನೋಡುತ್ತಿದ್ದರು. ಪೆಟ್ಟಿಗೆ ತುಂಬ ಅಷ್ಟೊಂದು ವಸ್ತುಗಳಿರುವಾಗ ಆ ಮನುಷ್ಯ ಆ ಒಂದು ಡಬ್ಬಿಯನ್ನು ಮಾತ್ರ ಹೆಸರು ಹಿಡಿದು ಕೇಳಿದ್ದೇಕೆ?

*

ಇಪ್ಪತ್ತರಂದು ಪ್ರಯೋಗಾಲಯದಿಂದ ಫೋನು ಬಂತು. ಮುಚ್ಚಳದ ಪುಡಿಯಲ್ಲಿ ಅದೇ ಔಷಧವಿತ್ತು.

ಠಾಣೆಯಲ್ಲಿ ಎಲ್ಲರೂ ಎದ್ದುನಿಂತರು. ರೈಟರ್ ಮೇಜು ಗುದ್ದಿದ. ಇನ್‌ಸ್ಪೆಕ್ಟರ್ ಮಾತ್ರ ಕೂತೇ ಇದ್ದರು. ಡಬ್ಬಿಯಲ್ಲಿ ಮದ್ದಿತ್ತು ಎಂದಷ್ಟೇ ಆಯಿತು. ಹಾಕಿದವರು ಯಾರು? ಕಾರ್ಖಾನೆಯಲ್ಲೇ ಬೆರೆತಿರಬಹುದು. ಹಾಗಾದರೆ ಅಪರಾಧವೇ ಇಲ್ಲ, ಅಜಾಗರೂಕತೆ ಅಷ್ಟೇ.

ಡಬ್ಬಿಯ ತಳದಲ್ಲಿದ್ದ ತಯಾರಿಕೆಯ ಸಂಖ್ಯೆ ಹಿಡಿದು ಗುಂಡಕ್ಕ ಊರಿನ ಕ್ರೀಡಾ ಸಾಮಗ್ರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಒಂದು ಅಂಗಡಿಯಲ್ಲಿ ಅದೇ ಸಂಖ್ಯೆಯ ಮೂರು ಡಬ್ಬಿ ಉಳಿದಿದ್ದವು. ಅಂಗಡಿಯವನಿಗೆ ಮೇಷ್ಟ್ರು ಚೆನ್ನಾಗಿ ಪರಿಚಯ. "ಬಹುಮಾನಕ್ಕೆ ಅಂತ ಒಂದು ತಗೊಂಡು ಹೋದ್ರು. ಒಳ್ಳೆ ಜನ." ಪ್ರಯೋಗಾಲಯದಲ್ಲಿ ಆ ಮೂರು ಡಬ್ಬಿಗಳನ್ನೂ ಒಡೆದರು. ಮೂರೂ ಶುದ್ಧ.

ಇನ್ನೊಂದು ಸಂಗತಿ ಗುಂಡಕ್ಕನ ಕಣ್ಣಿಗೆ ಬಿದ್ದಿತ್ತು. ಅಂಗಡಿಯ ಡಬ್ಬಿಗಳ ಕತ್ತಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಂಪನಿಯ ಗುರುತು ಸಾಲಾಗಿ ಅಚ್ಚಾಗಿತ್ತು. ಕ್ವಿಜ್ ದಿನ ಬಹುಮಾನ ಕೊಡುವ ಫೋಟೊ ವಸತಿನಿಲಯದ ಫಲಕದಲ್ಲಿ ತೂಗುತ್ತಿತ್ತು. ಅದನ್ನು ದೊಡ್ಡದು ಮಾಡಿಸಿದರು. ಕ್ರೇನ್ ಹಲ್ಲು ಬಿಟ್ಟು ನಗುತ್ತಾ ಡಬ್ಬಿ ಎತ್ತಿ ಹಿಡಿದಿದ್ದಾಳೆ, ಪಕ್ಕದಲ್ಲಿ ಮೇಷ್ಟ್ರು. ಡಬ್ಬಿಯ ಕತ್ತಿಗೆ ಪಟ್ಟಿಯೇನೋ ಇದೆ. ಆದರೆ ಬರೀ ಪಾರದರ್ಶಕ, ಮೇಲೆ ಒಂದಕ್ಷರವೂ ಇಲ್ಲ. ಯಾರೋ ಬಿಚ್ಚಿ, ಬೇರೆ ಪ್ಲಾಸ್ಟಿಕ್ ಸುತ್ತಿ, ಬಿಸಿಗಾಳಿ ಹಿಡಿದು ಬಿಗಿ ಮಾಡಿದ್ದರು.

"ಈಗ ಎದ್ದು ನಿಲ್ಲಬಹುದಾ ಸರ್?" ರೈಟರ್ ಕೇಳಿದ.

"ಇನ್ನೊಂದು ಮನೆ ಇದೆ," ಎಂದರು ಇನ್‌ಸ್ಪೆಕ್ಟರ್.

ಇಪ್ಪತ್ತೆರಡರ ಬೆಳಿಗ್ಗೆ ಅವರು ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. ಮೂರನೇ ಮಹಡಿ. ಲಿಫ್ಟ್ ಇರಲಿಲ್ಲ. ಬಾಗಿಲು ತೆರೆದ ಮುದುಕಿ ಇನ್‌ಸ್ಪೆಕ್ಟರ್ ಏದುಸಿರು ಬಿಡುವುದನ್ನು ಕಂಡು, ಯಾರು ಏನು ಎಂದು ಕೇಳುವ ಮೊದಲೇ ಕೂರಿಸಿ ನೀರು ತಂದಳು. ಮಗ ಕ್ಲಾಸಿಗೆ ಹೋಗಿದ್ದ.

"ನಿಮಗೂ ಬಿ.ಪಿ. ಇದೆಯೇನಪ್ಪ?"

"ಇದೆಯಮ್ಮ. ನಿಮಗೆ?"

"ಹದಿನೈದು ವರ್ಷ ಆಯ್ತು. ಮಾತ್ರೆ ಮೇಲೇ ಬದುಕಿದ್ದೀನಿ."

ಕಪಾಟಿನ ಮೇಲೆ ಮಾತ್ರೆಯ ಪಟ್ಟಿ ಇತ್ತು. ಇನ್‌ಸ್ಪೆಕ್ಟರ್ ಓದಲು ಕನ್ನಡಕ ಹಾಕಿಕೊಳ್ಳಬೇಕಾಗಿರಲಿಲ್ಲ. ಅವರ ಜೇಬಿನಲ್ಲಿದ್ದದ್ದೂ ಅದೇ.

"ತಪ್ಪದೆ ತಗೋತೀರಾ?"

"ನನ್ನ ಮಗ ತಪ್ಪಿಸೋಕೆ ಬಿಡಲ್ಲ. ಕೆಲವು ತಿಂಗಳ ಹಿಂದೆ ಮಾತ್ರ ಒಂದೆರಡು ದಿನ ತಪ್ಪಿತು. ಎರಡು ಪಟ್ಟಿ ಪೂರ್ತಿ ನೀರಿಗೆ ಬಿದ್ದು ಹಾಳಾಯ್ತಮ್ಮ ಅಂದ. ಅಂಗಡಿಯಲ್ಲಿ ದಾಸ್ತಾನು ಇರಲಿಲ್ಲವಂತೆ. ತಲೆ ತಿರುಗಿ ಮಲಗಿಬಿಟ್ಟೆ. ಅವನೂ ನನ್ನ ಪಕ್ಕ ಬಿಟ್ಟು ಏಳಲಿಲ್ಲ, ಮಗು ಥರ ಅತ್ತ."

"ಯಾವಾಗ ಅದು?"

ಮುದುಕಿ ಯೋಚಿಸಿ ಹೇಳಿದಳು. ಕ್ವಿಜ್‌ಗೆ ಮುಂಚಿನ ವಾರ. ಗುಂಡಕ್ಕ ಬರೆದುಕೊಳ್ಳಲಿಲ್ಲ. ಬರೆಯಲು ಕೈ ಬರಲಿಲ್ಲ.

ಗೋಡೆಯ ಮೇಲೆ ಹಳೆಯ ಫೋಟೊವೊಂದಿತ್ತು. ಓಟದ ಪಟ್ಟಿಯ ಮೇಲೆ ಗೆಲುವಿನ ದಾರ ಎದೆಗೆ ತಾಗಿಸಿಕೊಂಡ ತೆಳ್ಳನೆಯ ಹುಡುಗ. "ನನ್ನ ಮಗನೇ," ಎಂದಳು ಮುದುಕಿ. "ಆಮೇಲೆ ಅವನು ಓಡಲೇ ಇಲ್ಲ."

*

ಇಪ್ಪತ್ಮೂರರಂದು ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಇನ್ನೊಂದು ವಸತಿನಿಲಯದಲ್ಲಿ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಇನ್‌ಸ್ಪೆಕ್ಟರ್ ಮತ್ತು ಗುಂಡಕ್ಕ ಹಿಂದಿನ ಸಾಲಿನಲ್ಲಿ ಕೂತರು. ಅಡ್ಡಿ ಮಾಡಲಿಲ್ಲ.

ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಿದ್ದರು. ಪ್ಯಾಕೆಟ್ಟಿನ ಸಣ್ಣಕ್ಷರ ಹೇಗೆ ಓದಬೇಕು, ವೈದ್ಯರ ಹತ್ತಿರ ಹೋದಾಗ ತಾನು ಆಟಗಾರನೆಂದು ಮೊದಲೇ ಏಕೆ ಹೇಳಬೇಕು, ಮಾದರಿ ಕೊಡುವಾಗ ಬಾಟಲಿಯ ಮುದ್ರೆಯನ್ನು ತಾವೇ ಏಕೆ ಪರೀಕ್ಷಿಸಬೇಕು. ಒಂದೊಂದಕ್ಕೂ ಒಂದೊಂದು ಕತೆ. ಐವತ್ತು ಮಂದಿಯಲ್ಲಿ ಮುಕ್ಕಾಲು ಪಾಲು ಮಂದಿ ಮೊಬೈಲಿನಲ್ಲಿದ್ದರು. ಇಬ್ಬರು ಬಾಯಿ ತೆರೆದು ನಿದ್ದೆ ಹೋಗಿದ್ದರು.

"ಗೊತ್ತಿಲ್ಲದೆಯೂ ಸಿಕ್ಕಿಬೀಳಬಹುದು," ಎಂದರು ಮೇಷ್ಟ್ರು. "ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಒಂದು ಕೆಮ್ಮಿನ ಔಷಧಿ..."

"ಸಿಕ್ಕಿದೋರೆಲ್ಲ ಅದನ್ನೇ ಹೇಳ್ತಾರೆ ಸರ್," ಎಂದು ಯಾರೋ ಅಂದರು. ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕಂತೆ ಮಾಡಿ ಮುಂದಿನ ವಿಷಯಕ್ಕೆ ಹೋದರು.

ಕ್ಲಾಸು ಬಿಟ್ಟಿತು. ಹುಡುಗರೆಲ್ಲ ಹೊರಗೆ ಹೋದ ಮೇಲೆ ಇನ್‌ಸ್ಪೆಕ್ಟರ್ ಮುಂದೆ ಹೋಗಿ ದೊಡ್ಡದು ಮಾಡಿಸಿದ ಫೋಟೊವನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಅಂಗಡಿಯ ಡಬ್ಬಿ. ಅದರ ಪಕ್ಕದಲ್ಲಿ ಮಾತ್ರೆಯ ಒಂದು ಪಟ್ಟಿ.

"ನಿಮ್ಮ ತಾಯಿಯವರನ್ನ ನೋಡಿ ಬಂದೆ."

ಮೇಷ್ಟ್ರು ಪಟ್ಟಿಯನ್ನೇ ನೋಡುತ್ತಾ ನಿಂತರು. "ಅವರಿಗೆ ಹೇಳಿದ್ರಾ?"

"ಇಲ್ಲ."

"ಆ ಎರಡು ದಿನ... ಅದೊಂದು ಮಾಡಬಾರದಾಗಿತ್ತು."

"ಬೇರೆಯದ್ದನ್ನ ಮಾಡಬಹುದಾಗಿತ್ತಾ?" ಗುಂಡಕ್ಕ ಕೇಳಿದಳು. ದನಿ ಏರಲಿಲ್ಲ.

ಮೇಷ್ಟ್ರು ತಾವೇ ಬ್ಯಾಗು ಮುಚ್ಚಿ, ಫ್ಯಾನು ಆರಿಸಿ, ಅವರ ಜೊತೆ ನಡೆದರು. ನಾಲ್ಕೂ ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ತಾಯಿಗೆ ತಿಳಿಸಲು ಗುಂಡಕ್ಕ ಆ ಮೂರು ಮಹಡಿ ಮತ್ತೊಮ್ಮೆ ಹತ್ತಿದಳು.

ಮೇಷ್ಟ್ರ ಹೇಳಿಕೆ ದೀರ್ಘವಾಗಿರಲಿಲ್ಲ. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಅಡ್ಡದಾರಿಯಿಲ್ಲದೆ ಉತ್ತರ ಬಂತು.

"ಆ ಹುಡುಗಿಯನ್ನೇ ಯಾಕೆ ಆರಿಸಿಕೊಂಡ್ರಿ?"

"ಅವಳನ್ನ ಯಾರೂ ಅನುಮಾನಿಸಲ್ಲ ಅಂತ. ಎಲ್ಲವನ್ನೂ ಉಳಿಸಿಡೋಳು ಅವಳೊಬ್ಬಳೇ. ಡಬ್ಬಿಯ ಪುಡಿ ಪರೀಕ್ಷೆಗೆ ಹೋಗುತ್ತೆ, ಅದರಲ್ಲಿ ಸಿಗುತ್ತೆ, ಒಂದೇ ತಿಂಗಳಲ್ಲಿ ಬಿಡುಗಡೆ ಆಗ್ತಾಳೆ ಅಂದ್ಕೊಂಡಿದ್ದೆ. ಕಾರ್ಖಾನೆಯ ತಪ್ಪು ಅಂತಾರೆ. ತಪ್ಪೇ ಮಾಡದೋರ ಮೈಯಲ್ಲೂ ಮದ್ದು ಸಿಗಬಹುದು ಅಂತ ಆಗ ಎಲ್ಲರೂ ಒಪ್ಪಿಕೊಳ್ಳಬೇಕಾಗುತ್ತೆ. ಅವಳನ್ನ ನಂಬಿದ್ರೆ ನನ್ನನ್ನೂ ನಂಬಬೇಕಾಗುತ್ತೆ."

"ಆದ್ರೆ ಅವಳು ಅದೊಂದನ್ನ ಉಳಿಸಿಡಲಿಲ್ಲ."

"ಇಡಲಿಲ್ಲ," ಎಂದರು ಮೇಷ್ಟ್ರು. "ನಾನು ಕೊಟ್ಟಿದ್ದು ಅಂತ ಇಡಲಿಲ್ಲ."

"ಆಗಲಾದ್ರೂ ಬಾಯಿ ಬಿಡಬಹುದಿತ್ತಲ್ಲ?"

"ದಿನಾ ಹೊರಡ್ತಿದ್ದೆ ಸರ್. ನಿಮ್ಮ ಠಾಣೆ ಎದುರು ಬಸ್ ಇಳಿದು, ಮುಂದಿನ ಬಸ್ ಹತ್ತಿ ವಾಪಸ್ ಹೋಗ್ತಿದ್ದೆ."

*

ಇಪ್ಪತ್ತೆಂಟರಂದು ಸಮಿತಿಯ ಮುಂದೆ ಇನ್‌ಸ್ಪೆಕ್ಟರ್ ತಾವೇ ನಿಂತು ಎರಡು ಪಂಚನಾಮೆ, ಮೂರು ಪ್ರಯೋಗಾಲಯದ ವರದಿ, ಫೋಟೊ ಮತ್ತು ಮುಚ್ಚಿದ ಲಕೋಟೆಯಲ್ಲಿ ಮೇಷ್ಟ್ರ ಹೇಳಿಕೆಯನ್ನು ಒಂದೊಂದಾಗಿ ಇಟ್ಟರು. ಜೊತೆಗಾತಿ ಬಂದು ತಾನು ಕದ್ದು ಕುಡಿದದ್ದನ್ನು ಎಲ್ಲರ ಮುಂದೆ ಹೇಳಿದಳು. ಈ ಹುಡುಗಿ ಹೊರಗುಳಿದಿದ್ದರೆ ತಂಡದಲ್ಲಿ ನಿನಗೇ ಜಾಗವಿತ್ತಲ್ಲ ಎಂದು ಸದಸ್ಯರೊಬ್ಬರು ಕೇಳಿದರು. "ಭಾರ ಎತ್ತಿ ಅವಳನ್ನ ಸೋಲಿಸಬೇಕು ಸರ್. ಹೀಗೆ ಸಿಕ್ಕಿದ ಜಾಗ ನನಗೆ ಬೇಡ," ಎಂದಳು.

ಮಧ್ಯಾಹ್ನ ಎರಡಕ್ಕೆ ತೀರ್ಪು. ಸ್ಪರ್ಧಿಯ ತಪ್ಪಿಲ್ಲ. ನಿಷೇಧವಿಲ್ಲ. ಚಿನ್ನವನ್ನು ಮಾತ್ರ ನಿಯಮದ ಪ್ರಕಾರ ಹಿಂದಿರುಗಿಸಲಾಗದು.

"ಪರವಾಗಿಲ್ಲ, ಬೇರೆ ಎತ್ಕೋತೀನಿ," ಎಂದಳು ಕ್ರೇನ್. ದೊಡ್ಡಮ್ಮ ಮಾತ್ರ ಹೊರಗಿನ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತಂಗಿ ಹೋದಾಗಿನಿಂದ ಎಂಟು ವರ್ಷ ತಡೆಹಿಡಿದಿದ್ದ ಅಳುವನ್ನೆಲ್ಲ ಅತ್ತು ಮುಗಿಸಿದಳು.

ಆಯ್ಕೆಯ ಸ್ಪರ್ಧೆಗೆ ಠಾಣೆಯಿಂದ ಜೀಪು ತುಂಬ ಜನ ಹೋದರು. ರೈಟರ್ ರಜೆ ಹಾಕಿದ್ದ. ಎರಡು ತಿಂಗಳು ಅಭ್ಯಾಸ ತಪ್ಪಿದ್ದವಳು ಏನು ಎತ್ತಿಯಾಳು ಎಂದು ಸುತ್ತಲಿನವರು ಪಿಸುಗುಟ್ಟುತ್ತಿದ್ದರು. ಜೊತೆಗಾತಿ ನೂರ ಹದಿನಾರು ಕಿಲೋ ಎತ್ತಿ ಮೊದಲ ಸ್ಥಾನದಲ್ಲಿದ್ದಳು. ಕ್ರೇನ್‌ಗೆ ಉಳಿದಿದ್ದು ಒಂದೇ ಅವಕಾಶ. ನೂರ ಹದಿನೆಂಟು ಹಾಕಿಸಿದಳು. ಕೋಚ್ ತಲೆ ಮೇಲೆ ಕೈಯಿಟ್ಟುಕೊಂಡರು.

ಅವಳು ಅಂಗೈಗೆ ಸೀಮೆಸುಣ್ಣ ಬಳಿದು ವೇದಿಕೆಗೆ ಬಂದಳು. ಬಾಗಿದಳು. ಕಂಬಿ ನೆಲ ಬಿಟ್ಟು ಎದೆಗೆ ಬಂತು. ಕೂತಲ್ಲಿಂದ ಏಳುವಾಗ ತೊಡೆ ನಡುಗಿತು, ಅರ್ಧಕ್ಕೆ ನಿಂತಿತು. ಇನ್‌ಸ್ಪೆಕ್ಟರ್ ತಾವೇ ಎತ್ತುತ್ತಿದ್ದಂತೆ ಮುಂದಿನ ಕುರ್ಚಿಯನ್ನು ಹಿಡಿದು ಎದ್ದುನಿಂತರು. ಅವಳೂ ಎದ್ದಳು. ಒಮ್ಮೆ ಉಸಿರೆಳೆದು, ಮೊಣಕಾಲು ತುಸು ಬಗ್ಗಿಸಿ, ಭಾರವನ್ನು ತಲೆಯ ಮೇಲಕ್ಕೆ ಒಗೆದು ಕಾಲುಗಳನ್ನು ಕತ್ತರಿಯಂತೆ ಹಿಂದೆ ಮುಂದೆ ಚಾಚಿ ನಿಂತಳು. ಪಾದಗಳನ್ನು ಜೋಡಿಸಿದಳು. ಎತ್ತಿದ್ದು ಸರಿಯೆಂದು ತೀರ್ಪುಗಾರರ ಮೂರೂ ಬಿಳಿ ದೀಪ ಬೆಳಗಿದವು.

ಹಾಲ್‌ನ ಛಾವಣಿ ಹಾರಿಹೋಗುವಂತೆ ಜನ ಕೂಗಿದರು. ಮೊದಲು ವೇದಿಕೆಗೆ ಓಡಿದವಳು ಜೊತೆಗಾತಿ. ಸೋತವಳು ಗೆದ್ದವಳನ್ನು ಎತ್ತಿ ಸುತ್ತು ತಿರುಗಿಸಿದಳು. "ಕ್ರೇನನ್ನೇ ಎತ್ತಿಬಿಟ್ಟಳಲ್ಲ" ಎಂದು ಗುಂಡಕ್ಕ ಶಿಳ್ಳೆ ಹೊಡೆದಳು. ದೊಡ್ಡಮ್ಮ ಗುರುತು ಪರಿಚಯವಿಲ್ಲದವರನ್ನೆಲ್ಲ ಹಿಡಿದು "ನನ್ನ ಮಗಳು, ನನ್ನ ಮಗಳು" ಎನ್ನುತ್ತಿದ್ದಳು.

ಬೆವರು ಒರೆಸಿಕೊಳ್ಳುವ ಮೊದಲೇ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಹೆಂಗಸೊಬ್ಬಳು ಕ್ರೇನ್‌ಳ ಮುಂದೆ ನಿಂತಳು. ಮದ್ದು ಪರೀಕ್ಷೆಗೆ ಮಾದರಿ ಕೊಡಬೇಕು, ಈಗಿನಿಂದ ನನ್ನ ಕಣ್ಣೆದುರೇ ಇರಬೇಕು ಎಂದಳು. "ಬಂದೆ ಮೇಡಂ," ಎಂದು ಕ್ರೇನ್ ನಕ್ಕಳು. ಮುಚ್ಚಿದ ಬಾಟಲಿಗಳಲ್ಲಿ ಒಂದನ್ನು ತಾನೇ ಆರಿಸಿ, ಮುಚ್ಚಳ ತಿರುಗಿಸಿ ನೋಡಿ, ನೀರು ಕುಡಿದಳು.

ಪರೀಕ್ಷೆಯ ಕೋಣೆಯ ಹೊರಗೆ ಇನ್‌ಸ್ಪೆಕ್ಟರ್ ಅವಳ ಕೈ ಕುಲುಕಿದರು. ಅವಳು ಕೈ ಬಿಡದೆ ಕೇಳಿದಳು.

"ಸರ್, ಮೇಷ್ಟ್ರು ಏನಂದ್ರು? ನನ್ನ ಮೇಲೆ ಅವರಿಗೆ ಏನಿತ್ತು?"

"ನಿನ್ನ ಮೇಲೆ ಏನೂ ಇರಲಿಲ್ಲಮ್ಮ." ಇನ್‌ಸ್ಪೆಕ್ಟರ್ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದರು. "ಹತ್ತೊಂಬತ್ತನೇ ವಯಸ್ಸಲ್ಲಿ ಕೆಮ್ಮಿನ ಔಷಧಿ ಕುಡಿದು ಸಿಕ್ಕಿಬಿದ್ರಂತೆ. ಬಾಟಲಿ ಎಸೆದುಬಿಟ್ಟಿದ್ರು, ತೋರಿಸೋಕೆ ಏನೂ ಇರಲಿಲ್ಲ. ಇವತ್ತಿನವರೆಗೂ ಒಬ್ಬರೂ ನಂಬಿಲ್ಲವಂತೆ. ನಂಬಿಸೋಕೆ ಹೊರಟು ನಿನ್ನನ್ನ ಬಲಿ ಕೊಟ್ರು. ಮಾಡಿದ್ದಕ್ಕೆ ಶಿಕ್ಷೆ ಆಗೇ ಆಗುತ್ತೆ."

"ಆಗಲಿ," ಎಂದಳು ಅವಳು. ಅದರಲ್ಲಿ ಮೃದುತ್ವವೇನೂ ಇರಲಿಲ್ಲ.

ಗುರುತಿನ ಚೀಟಿಯ ಹೆಂಗಸು ಬಾಗಿಲು ತೆರೆದು ಹಿಡಿದಿದ್ದಳು. ಕ್ರೇನ್ ಒಳಗೆ ಒಂದು ಕಾಲಿಟ್ಟು ತಿರುಗಿದಳು.

"ಮುಂದಿನ ಸಲ ಮೇಷ್ಟ್ರು ಕೋರ್ಟಿನಲ್ಲಿ ಸಿಕ್ಕಿದಾಗ ಅವರಿಗೆ ಒಂದು ಮಾತು ಹೇಳಿ ಸರ್. ಆ ಕೆಮ್ಮಿನ ಔಷಧಿ ವಿಷಯ ನಾನು ನಂಬ್ತೀನಿ ಅಂತ."

ಬಾಗಿಲು ಮುಚ್ಚಿತು.